ಕಚ್ಚಾಡಿ ಸತ್ತವು

ಜನವರಿ ೯

ಅಕ್ಕಾ,

ಈ ಕಾಲದಲ್ಲೂ ಕಾಗದ ಬರೆಯುತ್ತಿದ್ದಾನಲ್ಲ ಅಂತ ನಗಬೇಡ. ನನ್ನ ಕಂಪನಿಗೆ ಬಂಡವಾಳ ಹಾಕಲು ಬಂದಿರುವವರ ವಕೀಲರು ನನ್ನ ಮೇಲ್, ಮೆಸೇಜು ಎಲ್ಲವನ್ನೂ ಜಾಲಾಡುತ್ತಿದ್ದಾರೆ. ದುಡ್ಡು ಕೊಡುವ ಮೊದಲು ಅವರು ಹೀಗೇ, ಎತ್ತು ಕೊಳ್ಳುವವರ ಹಾಗೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಅಪ್ಪನ ಕಿವಿಗೆ ಬೀಳದಂತೆ ಮಾತಾಡುವ ಮೂಲೆಯೇ ಇಲ್ಲ. ಕೆಳಗೆ ಗಾಜಿನಂಗಡಿ, ಮೇಲೆ ಎರಡು ಕೋಣೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಹಾಗಾಗಿ ಕಾಗದವೇ ಗತಿ.

ಇದರ ಜೊತೆಗಿರುವ ಸೀಸೆ ಅಪ್ಪನಿಗೆ. ಬೆಳಿಗ್ಗೆ ಒಂದು ಗುಳಿಗೆ. ಶಕ್ತಿಯ ಗುಳಿಗೆ ಅಂತ ಹೇಳಿ ಕೊಡಿ, ಅದೇನೂ ಸುಳ್ಳಲ್ಲ. ನಿನಗೆ ಮಾತ್ರ ಪೂರ್ತಿ ಹೇಳುತ್ತೇನೆ. ನಾವು ಲ್ಯಾಬಿನಲ್ಲಿ ಮುದಿ ಇಲಿಗಳಿಗೆ ಕೊಡುತ್ತಿರುವುದು ಇದನ್ನೇ. ಬೆನ್ನು ಬಾಗಿಸಿಕೊಂಡು ಮೂಲೆ ಹಿಡಿದಿದ್ದವು ಈಗ ಚಕ್ರ ತಿರುಗಿಸುತ್ತವೆ, ಉದುರಿದ ಕೂದಲು ಮತ್ತೆ ಬಂದಿದೆ. ಮನುಷ್ಯರಿಗೆ ಕೊಡಲು ಅನುಮತಿ ಸಿಗುವುದಕ್ಕೆ ವರ್ಷಗಳು ಬೇಕು. ಅಷ್ಟು ವರ್ಷ ಅಪ್ಪನ ಹತ್ತಿರ ಇಲ್ಲ. ಅವರು ಹಾಸಿಗೆಯಲ್ಲಿ ಕರಗುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ.

ಒಂದು ತಮಾಷೆ ಕೇಳು. ಹರೆಯ ಮರಳಿದ ಗಂಡಿಲಿಗಳಿಗೆ ಪೊಗರೂ ಮರಳುತ್ತದೆ. ಒಂದು ಗೂಡಿನಲ್ಲಿ ಐದು ಬಿಟ್ಟಿದ್ದರೆ ಬೆಳಿಗ್ಗೆ ನಾಲ್ಕೇ ಇರುತ್ತವೆ, ಐದನೆಯದರ ಹಿಂಭಾಗವನ್ನು ಉಳಿದವು ಹರಿದು ಹಾಕಿರುತ್ತವೆ. ಅಂಥವು ವಯಸ್ಸಾಗಿ ಸತ್ತವಲ್ಲವಲ್ಲ, ಅದಕ್ಕೇ ನಮ್ಮ ಕಸುಬಿನಲ್ಲಿ ಅವನ್ನು ಲೆಕ್ಕದಿಂದ ತೆಗೆಯುವುದು ರೂಢಿ. ‘ಕಚ್ಚಾಡಿ ಸತ್ತವು’ ಅಂತ ಬರೆದು ಪಕ್ಕಕ್ಕಿಡುತ್ತೇವೆ. ಮಿಕ್ಕವು ಎಷ್ಟು ದಿನ ಬದುಕಿದವು ಅಂತ ಎಳೆಯುವ ಆಯಸ್ಸಿನ ಗೆರೆ ನೋಡಿದರೆ ಎಂಥ ಹೂಡಿಕೆದಾರನ ಬಾಯಲ್ಲೂ ನೀರೂರುತ್ತದೆ. ಹೆಣ್ಣಿಲಿಗಳ ಮೇಲೆ ಇನ್ನೂ ನೋಡಿಲ್ಲ, ಅದಕ್ಕೆ ಈಗ ದುಡ್ಡು ಸಾಲದು.

ನೀನಿಟ್ಟ ಹೆಸರಿನವನೇ,
ಇಲಿರಾಯ


ಫೆಬ್ರವರಿ ೨

ಇಲಿರಾಯನಿಗೆ,

ಗುಳಿಗೆ ಶುರುವಾಗಿದೆ. ಕೊಡುವುದು ಅಮ್ಮ. ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಇಲಿಯ ವಿಷಯ ಅಮ್ಮನಿಗೆ ಹೇಳಿದೆ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, “ಅವನು ಅಪ್ಪನ ಮೇಲಿನ ಪ್ರೀತಿಗೆ ಕಳ್ಸಿದ್ದಾನೋ, ಇಲಿ ಸಾಲ್ದೆ ಬಂತು ಅಂತ ಕಳ್ಸಿದ್ದಾನೋ” ಅಂದಳು. ಉತ್ತರ ನೀನೇ ಕೊಟ್ಟುಕೋ.

ಅಪ್ಪ ಈಗ ಹೇಗಿದ್ದಾರೆ ಅಂತ ನಿನಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಕುಸಿದುಬಿದ್ದರಲ್ಲ, ಅವತ್ತಿನಿಂದ ಮನುಷ್ಯ ಬೇರೆಯೇ ಆಗಿಬಿಟ್ಟರು. ನಾನು ಎತ್ತಿ ಬಚ್ಚಲಿಗೆ ಕರೆದೊಯ್ಯುವಾಗ, “ನಿಂಗೆ ಭಾರ ಆದೆ ಕಣಮ್ಮ” ಅನ್ನುತ್ತಾರೆ. ಅಮ್ಮ ಬಟಾಣಿ ಸುಲಿಯಲು ಕೂತರೆ ತಾವೂ ನಡುಗುವ ಬೆರಳಲ್ಲಿ ಒಂದೊಂದೇ ಸುಲಿದು ಅವಳ ಬಟ್ಟಲಿಗೆ ಹಾಕುತ್ತಾರೆ. ನೆಲಕ್ಕೆ ಬಿದ್ದದ್ದನ್ನು ನೋಡಿ ಇಬ್ಬರೂ ನಗುತ್ತಾರೆ. ಅಮ್ಮನ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ, ಯಾರು ತಿರುಚಿದ್ದು ಅಂತ ನಿನಗೆ ಗೊತ್ತು. ಆಗ ನೀನು ಮಂಚದ ಕೆಳಗಿದ್ದೆ, ನಾನು ಮೆಟ್ಟಿಲ ಮೇಲಿದ್ದೆ. ಅದೇ ಕೈಯನ್ನು ಈಗ ಹಿಡಿದುಕೊಂಡು ನಿದ್ದೆ ಹೋಗುತ್ತಾರೆ. ಮೊನ್ನೆ ಅಮ್ಮ, “ನಂಗೆ ಈಗ ಗಂಡ ಸಿಕ್ಕಿದ್ದಾರೆ ಕಣೆ” ಅಂದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಇಲಿಗಳ ತಮಾಷೆಗೆ ನನಗೆ ನಗು ಬರಲಿಲ್ಲ.

ಅಕ್ಕ


ಮಾರ್ಚ್ ೧೪

ಇಲಿರಾಯನಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಅಪ್ಪ ಎದ್ದರು. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದು, ನನ್ನ ಕೈಯಿಂದ ಗಾಜು ಕೊಯ್ಯುವ ವಜ್ರದ ಕಡ್ಡಿ ಕಿತ್ತುಕೊಂಡು, ಮೇಜಿನ ಮೇಲಿದ್ದ ದೊಡ್ಡ ಗಾಜಿನ ಹಾಳೆಗೆ ಕರ್ ಅಂತ ಒಂದೇ ಗೆರೆ ಎಳೆದರು. ಆಮೇಲೆ ಅಂಚು ಹಿಡಿದು ಟಕ್ ಅಂತ ಮುರಿದರು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಪಕ್ಕದ ಅಂಗಡಿಯವರೆಲ್ಲ ಬಂದು ನೋಡಿದರು. ತಲೆಯಲ್ಲಿ ಕರಿಕೂದಲು ಬೇರೆ, ಕಿವಿಯ ಹಿಂದೆ.

ಇನ್ನೊಂದನ್ನೂ ಬರೆಯಬೇಕು. ನಿನ್ನೆ ಸರಕು ತಂದ ಲಾರಿಯ ಡ್ರೈವರ್ ಒಂದು ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಇಳಿಸಿದ. ಒಂದು ಹಾಳೆ ಬಿರುಕು ಬಿಟ್ಟಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನ ಕತ್ತಿನ ಹಿಂಭಾಗ ಹಿಡಿದು, ಪೆಟ್ಟಿಗೆಯ ಕಬ್ಬಿಣದ ಮೂಲೆಗೆ ಅವನ ಬಾಯಿ ಜಜ್ಜಿದರು. ಅವನು ಬಿದ್ದ ಮೇಲೂ ಒದ್ದರು. ಹಲ್ಲು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು.

ಆಮೇಲೆ ಅಪ್ಪ ಕೈ ತೊಳೆದು ಊಟಕ್ಕೆ ಕೂತರು, ಎರಡು ಸಲ ಬಡಿಸಿಕೊಂಡರು. ಅಮ್ಮ ಬಡಿಸುವಾಗ ತಟ್ಟೆ ನೋಡಲಿಲ್ಲ. ಅವರ ಕೈಯನ್ನೇ ನೋಡುತ್ತಿದ್ದಳು.

ನಿನಗೆ ಇದರ ಬಗ್ಗೆ ಏನಾದರೂ ಗೊತ್ತಿದ್ದರೆ ಬೇಗ ಬರೆ.

ಅಕ್ಕ


ಮಾರ್ಚ್ ೨೨

ಅಕ್ಕಾ,

ಮೊದಲ ಅರ್ಧ ಪುಟವನ್ನು ಮೂರು ಸಲ ಓದಿದೆ. ಕೂತ ಜಾಗದಲ್ಲೇ ಕುಣಿಯುವಂತಾಯಿತು. ಡ್ರೈವರನ ವಿಷಯಕ್ಕೆ ಬೇಜಾರಿದೆ. ಅವನ ಖರ್ಚಿಗೆ ದುಡ್ಡು ಕಳಿಸುತ್ತೇನೆ, ಪೊಲೀಸು ಗಿಲೀಸು ಅನ್ನದ ಹಾಗೆ ನೋಡಿಕೋ. ಎರಡು ವರ್ಷ ಹಾಸಿಗೆಯಲ್ಲಿದ್ದವರಿಗೆ ಹುರುಪು ಒಂದೇ ಸಲ ಬಂದಾಗ ಕೈ ಹಿಡಿತದಲ್ಲಿರುವುದಿಲ್ಲ, ಅಷ್ಟೆ.

ಈಗ ನಿಜವಾದ ವಿಷಯ. ಮೊದಲು ಬಂದ ಬಂಡವಾಳ ಮುಗಿಯುತ್ತಾ ಬಂದಿದೆ. ಇನ್ನೊಂದು ಸುತ್ತಿನ ದುಡ್ಡು ಸಿಗದಿದ್ದರೆ ಲ್ಯಾಬಿಗೆ ಬೀಗ, ಇಲಿಗಳಿಗೆ ಸಾಯಿಸುವ ಗ್ಯಾಸು. ಫಂಡು ನಡೆಸುವ ದೊಡ್ಡವರಿಗೆ ಎಪ್ಪತ್ತೆಂಟು ವರ್ಷ. ಆಯಸ್ಸು ಹೆಚ್ಚಿಸುತ್ತೇವೆ ಅಂತ ಹೊರಟ ನಮ್ಮಂಥ ಚಿಕ್ಕ ಕಂಪನಿಗಳಿಗೆ ಅವರೇ ತಾಯಿಬೇರು. “ನನಗೆ ಸಾಯೋಕೆ ಪುರುಸೊತ್ತಿಲ್ಲ” ಅಂತ ಎಲ್ಲರೆದುರೂ ಹೇಳುತ್ತಾರೆ. ಅವರ ಕೈಕೆಳಗಿನ ಹುಡುಗರು ಗೆರೆಗಳನ್ನು ನೋಡುತ್ತಾರೆ, ಅವರು ನೋಡುವುದು ಮನುಷ್ಯರನ್ನು. ಅಪ್ಪನ ವಿಷಯವನ್ನು ಅವರಿಗೊಬ್ಬರಿಗೇ ಕಿವಿಯಲ್ಲಿ ಹೇಳಿದ್ದೇನೆ. ಮುಂದಿನ ತಿಂಗಳು ಅಂಗಡಿಗೇ ಬಂದು ನೋಡುತ್ತಾರಂತೆ.

ಎರಡು ಸೀಸೆ ಕಳಿಸಿದ್ದೇನೆ. ಇನ್ನು ಮೇಲೆ ದಿನಕ್ಕೆ ಎರಡು ಗುಳಿಗೆ ಕೊಡಲು ಅಮ್ಮನಿಗೆ ಹೇಳು.

ಇಲಿರಾಯ


ಏಪ್ರಿಲ್ ೨೬

ತಮ್ಮನಿಗೆ,

ನೀನೂ ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ಏಕೆಂದರೆ ನೀನು ದೊಡ್ಡವರ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಅವರು ಕೋಲೂರಿಕೊಂಡು ಒಳಗೆ ಬಂದರು. ನನಗೆ, ಅಮ್ಮನಿಗೆ ಒಂದು ಮಾತಿಲ್ಲ, ಕತೆಯಿಲ್ಲ. ನೇರ ಅಪ್ಪನ ಮುಂದೆ ನಿಂತು ಕೈ ಚಾಚಿ, “ಹಿಡೀರಿ. ಎಷ್ಟಿದೆ ನೋಡೋಣ” ಅಂದರು. ಅಪ್ಪ ನಿನ್ನ ಕಡೆ ತಿರುಗಿದರು. “ಹಿಡಿಯಪ್ಪ, ಪರವಾಗಿಲ್ಲ” ಅಂದೆ ನೀನು. ಅಪ್ಪ ಹಿಡಿದರು. ಆ ಮನುಷ್ಯ ಮೊದಲು ನಕ್ಕರು, ಆಮೇಲೆ ತುಟಿ ಕಚ್ಚಿದರು, ಆಮೇಲೆ ನೆಲಕ್ಕೆ ಮೊಣಕಾಲೂರಿದರು. ಅಪ್ಪ ಬಿಡಲಿಲ್ಲ. ಒಣಕಡ್ಡಿ ಮುರಿದ ಸದ್ದು ಗಲ್ಲಾದ ಹತ್ತಿರ ನಿಂತಿದ್ದ ನನಗೂ ಕೇಳಿಸಿತು, ಒಂದಲ್ಲ, ಸಾಲಾಗಿ.

ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗು. ಜೋತುಬಿದ್ದ ಕೈಯನ್ನು ನಿನ್ನ ಮೂಗಿನ ಮುಂದೆ ಹಿಡಿದು, “ಇದೇ ಬೇಕು ನಂಗೆ. ಎಷ್ಟಾದ್ರೂ ಆಗ್ಲಿ, ಕಾಗದ ರೆಡಿ ಮಾಡ್ಸು” ಅಂದರು. ನೀನು ಅವರ ಮುರಿದ ಬೆರಳಿಗೆ ಕರ್ಚೀಫು ಸುತ್ತುತ್ತಾ ಅಪ್ಪನಿಗೆ ಕಣ್ಣು ಹೊಡೆದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಿಮ್ಮ ಕಾರು ಹೋಯಿತು. ಅಪ್ಪ ಶಿಳ್ಳೆ ಹಾಕುತ್ತಾ ಮೇಲೆ ಬಂದು ಚಹಾ ಕೇಳಿದರು. ಅಮ್ಮ ಲೋಟ ಕೊಡುತ್ತಾ, “ಪಾಪ, ವಯಸ್ಸಾದವ್ರು. ಅಷ್ಟು ಹಿಂಡಬಾರ್ದಿತ್ತು ರೀ” ಅಂದಳು. ಅಪ್ಪ ಲೋಟವನ್ನು ಚೆಲ್ಲದ ಹಾಗೆ ಕೆಳಗಿಟ್ಟರು. ಎದ್ದು, ಅಮ್ಮನ ಜುಟ್ಟು ಹಿಡಿದು, ಹಣೆಯನ್ನು ಬಾಗಿಲ ಚೌಕಟ್ಟಿಗೆ ಹೊಡೆದರು. ಮತ್ತೆ ಹೊಡೆದರು. ಎಲ್ಲೂ ಅವಸರವಿಲ್ಲ. ಹಳೆಯ ಕೆಲಸ, ಕೈ ಮರೆತಿರಲಿಲ್ಲ. ನಾನು ನಡುವೆ ಬಿದ್ದೆ. ನನ್ನನ್ನು ಮೆಟ್ಟಿಲ ಮೇಲಿಂದ ನೂಕಿದರು, ಪಕ್ಕೆಲುಬು ಇನ್ನೂ ನೋಯುತ್ತಿದೆ.

ಅಮ್ಮನ ಹುಬ್ಬಿಗೆ ಹೊಲಿಗೆ ಹಾಕುವಾಗ ಡಾಕ್ಟರು ಏನಾಯ್ತು ಅಂತ ಕೇಳಿದರು. “ಬಾಗಿಲು ತಾಗ್ತು” ಅಂದಳು ಅಮ್ಮ. ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದ ಅದೇ ಮಾತು.

ಗುಳಿಗೆ ನಿಲ್ಲಿಸಲು ಹೇಳು. ನಿನ್ನ ಬಾಯಿಂದಲೇ ಹೇಳು, ನನ್ನ ಮಾತನ್ನು ಅಮ್ಮ ಕೇಳುತ್ತಿಲ್ಲ. ಇನ್ನೊಂದು, ಕಚ್ಚಾಡಿ ಸತ್ತ ಇಲಿಗಳು ಎಷ್ಟು? ಸುಳ್ಳು ಹೇಳಬೇಡ.

ಅಕ್ಕ


ಮೇ ೩

ಅಕ್ಕಾ,

ಓದಿ ಎರಡು ದಿನ ಲ್ಯಾಬಿಗೆ ಹೋಗಲಿಲ್ಲ. ನಂಬು.

ಆದರೆ ಈಗ ನಿಲ್ಲಿಸಿದರೆ ಎಲ್ಲ ಮುಳುಗುತ್ತದೆ. ಸಹಿ ಹಾಕುವ ಹಿಂದಿನ ದಿನ ದೊಡ್ಡವರ ಡಾಕ್ಟರು ಬಂದು ಅಪ್ಪನನ್ನು ಪರೀಕ್ಷಿಸಬೇಕು ಅನ್ನುವುದು ಅವರ ಷರತ್ತು. ಅಷ್ಟರಲ್ಲಿ ಅಪ್ಪ ಮತ್ತೆ ಹಾಸಿಗೆ ಹಿಡಿದಿದ್ದರೆ ನನ್ನ ಮುಖಕ್ಕೆ ಬಾಗಿಲು ಹಾಕುತ್ತಾರೆ. ಜೂನ್ ಮೊದಲ ಭಾಗ, ಅಷ್ಟೆ. ದುಡ್ಡು ಬಂದ ಕೂಡಲೇ ಈ ಸಿಟ್ಟಿನ ವಿಷಯಕ್ಕೇ ಒಂದು ತಂಡ ಹಾಕುತ್ತೇನೆ. ಅಲ್ಲಿಯವರೆಗೆ ಅಮ್ಮನನ್ನು ಕರೆದುಕೊಂಡು ಎಲ್ಲಾದರೂ ಬಾಡಿಗೆಗೆ ಇರು. ಲ್ಯಾಬಿನಲ್ಲೂ ನಾವು ಮಾಡುವುದು ಅದನ್ನೇ, ಗೂಡು ಬೇರೆ ಮಾಡುತ್ತೇವೆ.

ಕೇಳಿದೆಯಲ್ಲ, ಹೇಳುತ್ತೇನೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದು ಮೋಸವಲ್ಲ ಅಕ್ಕ, ಕಸುಬಿನಲ್ಲಿ ಎಲ್ಲರೂ ಹೀಗೇ ತೆಗೆಯುತ್ತಾರೆ. ಅಷ್ಟೊಂದು ಇರುತ್ತವೆ ಅಂತ ನಾನೂ ಅಂದುಕೊಂಡಿರಲಿಲ್ಲ.

ತಮ್ಮ


ಮೇ ೨೦

ತಮ್ಮನಿಗೆ,

ಅರ್ಧಕ್ಕಿಂತ ಹೆಚ್ಚು. ಇದನ್ನು ತಿಳಿದೂ ಆ ಸೀಸೆಗೆ ಮುಚ್ಚಳ ಹಾಕಿ, ನಮ್ಮ ವಿಳಾಸ ಬರೆದು, ಅಂಟು ಹಚ್ಚಿದೆ.

ಅಮ್ಮ ಮನೆ ಬಿಡಲು ಒಪ್ಪುತ್ತಿಲ್ಲ. “ನನ್ನ ಮನೆ ಬಿಟ್ಟು ನಾನ್ಯಾಕೆ ಹೋಗ್ಲಿ? ಹೋಗೋದಿದ್ರೆ ಆಗ್ಲೇ ಹೋಗ್ತಿದ್ದೆ” ಅನ್ನುತ್ತಾಳೆ. ಗುಳಿಗೆಗಳನ್ನು ಚರಂಡಿಗೆ ಸುರಿಯೋಣವೆಂದು ಹುಡುಕಿದರೆ ಸೀಸೆಗಳು ಇಟ್ಟ ಜಾಗದಲ್ಲಿಲ್ಲ. ಬಚ್ಚಿಟ್ಟಿದ್ದಾಳೆ. “ಅದನ್ನ ನಾನು ನೋಡ್ಕೋತೀನಿ, ನೀನು ತಲೆ ಹಾಕ್ಬೇಡ” ಅಂದಳು. ಜೀವನದಲ್ಲಿ ಮೊದಲ ಸಲ ಅಮ್ಮನ ಮೇಲೆ ಕೂಗಾಡಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ಅಪ್ಪ ಕಳೆದ ವಾರ ಒಂದು ಗಾಜಿನ ತುಂಡನ್ನು ನನ್ನತ್ತ ಬೀಸಿ ಒಗೆದರು, ಚಿಲ್ಲರೆ ತಪ್ಪು ಕೊಟ್ಟೆ ಅಂತ. ಎಡಗಿವಿಯ ತುದಿ ಹೋಯಿತು. ರಕ್ತವನ್ನು ಒರೆಸಿದ್ದು ಅಮ್ಮ. ನೀರು ತುಂಬಿದ ದೊಡ್ಡ ಡ್ರಮ್ಮನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಎಳೆದು, ಕೂತು ಒರೆಸಿದಳು. ಹೆದರಿದವರಿಗೆ ಎಲ್ಲಿಲ್ಲದ ಬಲ ಬರುತ್ತದಂತೆ. ಅವಳಿಗೆ ಹೊಟ್ಟೆಗೆ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ, ನನಗೇ ಎರಡೂ ಇಲ್ಲ.

ನಿನಗೆ ಅಮ್ಮ ಬೇಕೋ ಕಂಪನಿ ಬೇಕೋ, ಒಂದೇ ಸಾಲು ಬರೆ. ನಿನ್ನ ಉಪದೇಶ ಬೇಡ.

ಅಕ್ಕ


ಜೂನ್ ೧೧

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ, ಏನು ಬರೆಯಬೇಕೆಂದೇ ತೋಚಲಿಲ್ಲ. ಈಗ ಬರೆಯಬಹುದು. ಸಹಿ ಆಯಿತು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದಾರೆ. ನಿನ್ನೆ ಬಂದಿದ್ದ ಡಾಕ್ಟರು, ಇದು ಐವತ್ತರ ದೇಹ ಅಂತ ಬರೆದುಕೊಟ್ಟರು. ದೊಡ್ಡವರು ಎಡಗೈಯಲ್ಲಿ ಸಹಿ ಹಾಕಿದ ಪೆನ್ನು ಕೆಳಗಿಡುವ ಮೊದಲೇ ಮೊದಲ ಗುಳಿಗೆ ನುಂಗಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ಇವತ್ತೇ ಗುಳಿಗೆ ನಿಲ್ಲಿಸಿ. ಅಮ್ಮನಿಗೆ ನಾನು ಹೇಳಿದೆ ಅಂತ ಹೇಳು. ಕೆಲವು ವಾರಗಳಲ್ಲಿ ಇಳಿಯುತ್ತದೆ. ಆಮೇಲೆ ನಿಮಗೆ ಮೆಟ್ಟಿಲಿಲ್ಲದ ಮನೆ ನೋಡೋಣ. ಕಷ್ಟ ಮುಗಿಯಿತು ಅಕ್ಕ, ನನ್ನನ್ನು ಹೊಟ್ಟೆಗೆ ಹಾಕಿಕೋ.

ಇಲಿರಾಯ


ಜೂನ್ ೧೭

ಮಗನೇ,

ನಾನು ಅಮ್ಮ. ಅಕ್ಕನ ಬಲಗೈ ಕಟ್ಟಿನಲ್ಲಿದೆ, ಆಸ್ಪತ್ರೆಯಲ್ಲಿದ್ದಾಳೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡಳು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಿನ್ನಪ್ಪ ಹೋದರು. ನೀನು ಸಹಿ ಹಾಕುವ ಹಿಂದಿನ ದಿನವೇ ಹೋದರು. ನಿನಗೆ ಫೋನು ಮಾಡಬೇಡ ಅಂತ ನಾನೇ ಹೇಳಿದೆ. ನಿನ್ನನ್ನು ಕರೆಯದೆಯೇ ಎಲ್ಲ ಮುಗಿಸಿದೆವು.

ಅವತ್ತು ದೊಡ್ಡವರ ಡಾಕ್ಟರು ಬಂದು ನೋಡಿ ಹೊರಟರಲ್ಲ, ಅಕ್ಕ ಅವರ ಹಿಂದೆ ಕಾರಿನವರೆಗೆ ಓಡಿ ಎಲ್ಲ ಹೇಳಿದಳು. ಹೊಡೆತ, ಹೊಲಿಗೆ, ಕಿವಿ, ಎಲ್ಲ. ಅವರು ಕೇಳಿಸಿಕೊಂಡು ಕಾರಿನ ಗಾಜು ಏರಿಸಿದರಂತೆ. ನಿನ್ನಪ್ಪ ಅದನ್ನು ನೋಡಿದರು. ಅವಳು ಒಳಗೆ ಬಂದ ಕೂಡಲೇ ಮಣಿಕಟ್ಟು ಹಿಡಿದು, ಕೈಯನ್ನು ಗಾಜು ಕೊಯ್ಯುವ ಮೇಜಿನ ಮೇಲೆ ಅಂಗಾತ ಒತ್ತಿ, ಒಂದು ಗಾಜಿನ ಚೂರು ತೆಗೆದುಕೊಂಡು ಅಂಗೈಗೆ ಅಡ್ಡಲಾಗಿ ಗೆರೆ ಎಳೆದರು. ಹಾಳೆಯ ಮೇಲೆ ಎಳೆದ ಹಾಗೆ, ನೆಟ್ಟಗೆ. ನಾನು ಕೂಗು ಕೇಳಿ ಇಳಿದು ಬಂದೆ. “ಗೆರೆ ಆಯ್ತು. ಇನ್ನು ಮುರಿಯೋದೊಂದೇ ಬಾಕಿ” ಅನ್ನುತ್ತಿದ್ದರು.

ನಾನು ಅವರ ಕೈ ಹಿಡಿದೆ.

“ಬಿಡೇ” ಅಂದರು. “ಬಿಡಲ್ಲ ರೀ” ಅಂದೆ. ಅವರು ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ಮದುವೆಯಾದಾಗಿನಿಂದ ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನ್ನ ಎಡಗೈಯ ಆ ಎರಡು ಬೆರಳೂ ಮಡಚಿಕೊಂಡವು ಮಗನೇ, ಹದಿನೆಂಟರ ಹುಡುಗಿಯ ಬೆರಳಿನ ಹಾಗೆ. ಅವರ ಮೂಳೆ ಮುರಿಯಿತು. ಇನ್ನೊಂದು ಕೈಯಲ್ಲಿ ಚೂರು ಹಿಡಿದು ನನ್ನ ಕುತ್ತಿಗೆಗೆ ಬಂದರು. ಎದೆಗೆ ಕೈಯಿಟ್ಟು ನೂಕಿದೆ. ಗೋಡೆಗೆ ಒರಗಿಸಿಟ್ಟ ಹಾಳೆಗಳ ಮೇಲೆ ಹೋಗಿ ಬಿದ್ದರು. ಹಾಳೆಗಳು ಒಂದರ ಹಿಂದೆ ಒಂದು ಅವರ ಮೇಲೆ ಬಂದವು.

ಸದ್ದು ನಿಂತ ಮೇಲೆ ಗಾಜಿನ ನಡುವೆ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. “ಕಾಲು ತಣ್ಣಗಾಗ್ತಿದೆ, ಏನಾದ್ರೂ ಹೊದಿಸ್ತೀಯಾ?” ಅಂದರು. ಅದು ಬಟಾಣಿ ಸುಲಿಯುತ್ತಿದ್ದ ಮುದುಕನ ದನಿ. ಸೆರಗು ಹೊದಿಸಿದೆ. ಅಷ್ಟೇ ಮಾತು.

ನಿನಗೆ ಈಗ ಅರ್ಥವಾಗಿರಬೇಕು. ದಿನಕ್ಕೆ ಎರಡು ಕೊಡು ಅಂದೆ. ಅವರಿಗೊಂದು ಕೊಟ್ಟೆ, ನಾನೊಂದು ನುಂಗಿದೆ. ಡ್ರೈವರನ ಹಲ್ಲು ಬಿದ್ದ ದಿನವೇ ಮುಂದಿನದು ನನಗೆ ಗೊತ್ತಿತ್ತು. ಗುಳಿಗೆ ನಿಲ್ಲಿಸಿದರೆ ಅವರು ಸೀಸೆ ಎಲ್ಲಿದೆ ಅಂತ ನನ್ನ ಕತ್ತು ಹಿಸುಕಿ ಕೇಳುತ್ತಿದ್ದರು, ನೀನು ಇನ್ನೊಂದು ಸೀಸೆ ಕಳಿಸುತ್ತಿದ್ದೆ. ಹಾಗಾಗಿ ಜೊತೆಗೆ ನಾನೂ ತಿಂದೆ. ಅವರನ್ನು ತಡೆಯುವುದಕ್ಕೆ ಮಾತ್ರ ಅಂದುಕೊಂಡಿದ್ದೆ. ಆದರೆ ನೂಕುವಾಗ ನನಗೆ ಹಿತವಾಗಿತ್ತು. ಅದನ್ನು ನಿನಗೆ ಹೇಳದಿದ್ದರೆ ಸುಳ್ಳಾಗುತ್ತದೆ.

ಪೊಲೀಸರಿಗೆ ನಾನೇ ನೂಕಿದೆ ಅಂದೆ. ನನ್ನ ವಯಸ್ಸು ಕೇಳಿದರು. ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. “ಅಜ್ಜಿಗೆ ಆಘಾತ ಆಗಿದೆ, ಏನೇನೋ ಮಾತಾಡ್ತಿದ್ದಾರೆ” ಅಂತ ಹೇಳಿ, ಕಾಲು ಜಾರಿ ಬಿದ್ದರು ಅಂತ ಬರೆದುಕೊಂಡು ಹೋದರು. ಅವರೂ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನೀನು ಹಾಗೆ ಮಾಡಬೇಡ. ನಿಮ್ಮ ರೂಢಿಯ ಪ್ರಕಾರ ನಿನ್ನಪ್ಪನನ್ನು ಪಕ್ಕಕ್ಕಿಡಬೇಕಲ್ಲವೇ, ಕಚ್ಚಾಡಿ ಸತ್ತವರು ಅಂತ. ಇಡಬೇಡ. ಗೆರೆಯೊಳಗೆ ಸೇರಿಸು, ಆ ಇಲಿಗಳನ್ನೂ ಸೇರಿಸು, ಆಮೇಲೆ ಆ ಗೆರೆ ಎಲ್ಲಿಗೆ ಇಳಿಯುತ್ತದೋ ದೊಡ್ಡವರಿಗೆ ತೋರಿಸು. ಹೆಣ್ಣಿನ ಮೇಲೆ ನೋಡಿಲ್ಲ ಅಂದಿದ್ದೆಯಂತೆ, ಅದನ್ನೂ ಬರೆದುಕೋ. ನೋಡಿ ಆಯಿತು.

ಮುಪ್ಪು ಅನ್ನುವುದು ಒಂದು ರೋಗ ಅಂತ ನಿನ್ನ ಕಂಪನಿಯವರು ಹೇಳುತ್ತೀರಂತೆ. ಇರಬಹುದು. ನನಗೆ ಅದು ಎರಡು ವರ್ಷ ಒಬ್ಬ ಗಂಡನನ್ನು ಕೊಟ್ಟಿತ್ತು. ಅವರಿಗಾಗಿ ನಾನು ಜೀವಮಾನವೆಲ್ಲ ಕಾದಿದ್ದೆ. ನೀನು ಅವರನ್ನು ಗುಣ ಮಾಡಿಬಿಟ್ಟೆ.

ಸೀಸೆಯಲ್ಲಿ ಇನ್ನೂ ಗುಳಿಗೆ ಉಳಿದಿವೆ. ಬಿಸಾಡಿಲ್ಲ. ದೊಡ್ಡವರ ಕೈ ವಾಸಿಯಾದ ಮೇಲೆ ಕರೆದುಕೊಂಡು ಬಾ. ಅವತ್ತು ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈ ಸಲ ಕೈ ಚಾಚಲಿ, ನಾನು ಹಿಡಿಯುತ್ತೇನೆ. ನೀನೂ ಪಕ್ಕದಲ್ಲೇ ನಿಂತಿರು.

ಅಮ್ಮ